ನಂಬರ್ ಬಿದ್ದ ಗಿಡಗಳು

ಪುರಸಭೆಯವನು ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು ಬೀದಿಗೆ ಇಳಿದರೆ ಏನಾದರೊಂದು ಆಗದೆ ಇರುವುದಿಲ್ಲ. ಕಳೆದ ವರ್ಷ ನನ್ನ ಪಾಲಿಗೆ ಬಂದದ್ದು ಊರಿನ ಗಿಡಗಳನ್ನು ಎಣಿಸಿ, ಒಂದೊಂದರ ಮೇಲೂ ನಂಬರ್ ಬರೆಯುವ ಕೆಲಸ. ರಸ್ತೆ ಅಗಲ ಮಾಡುವವರು ಬರಲಿದ್ದರು. ನಂಬರ್ ಬಿದ್ದು ರಿಜಿಸ್ಟರಿಗೆ ಸೇರಿದ ಗಿಡವನ್ನು ಮುಟ್ಟಬೇಕಾದರೆ ಪರವಾನಗಿ ಬೇಕು. ನಂಬರ್ ಇಲ್ಲದ್ದನ್ನು ಕಡಿದರೆ ಕೇಳುವವರಿಲ್ಲ. ಅಂದರೆ ನಾನು ಹೊರಟದ್ದು ಗಿಡ ಉಳಿಸಲು. ಇದನ್ನು ನಂಬಿದವನು ಇಡೀ ಊರಿನಲ್ಲಿ ನಾನೊಬ್ಬನೇ.

ಹುಣಸೆ ಗಿಡ

ಮೊದಲನೆಯ ನಂಬರ್ ಬರೆಯುತ್ತಿದ್ದೆ. ಗಿಡದ ಬುಡದಲ್ಲಿ ಕಾಯಿಪಲ್ಲೆ ಮಾರುವ, ಊರೆಲ್ಲ ಮಾವಶಿ ಅನ್ನುವ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕ ಬರ್ಯಾಕತ್ತೀಯೋ ತಮ್ಮಾ?"

"ಗಿಡಾ ಉಳಸಾಕ, ಮಾವಶಿ."

"ಉಳಸಾವ್ರು ನೀರ ತರತಾರ, ಬಣ್ಣಾ ತರೂದಿಲ್ಲ."

ನಾನು ಬರೆದು ಮುಗಿಸಿದೆ. ಹೊರಡುವಾಗ ಮತ್ತೆ ಕರೆದಳು.

"ಖರೇನ ಉಳಸೂ ನಂಬರ ಇದ್ರ ನನಗೂ ಒಂದ ಬರಿ. ನಾನೂ ನಲವತ್ತ ವರ್ಷದಿಂದ ಇಲ್ಲೇ ಅದೇನಿ, ವರ್ಷಾ ವರ್ಷಾ ನನ್ನ ಎಬ್ಬಸಾಕ ಬರತೀರಿ."

ಹೊಂಗೆ ಗಿಡ

ಮರುದಿನ ತಪಾಸಣೆಗೆ ಹೋದರೆ ಅರ್ಧಕ್ಕರ್ಧ ನಂಬರ್ ಮಾಯ. ಒಂದು ಓಣಿಯಲ್ಲಿ ಕಲ್ಲಿನಿಂದ ಉಜ್ಜಿದ್ದರು, ಇನ್ನೊಂದರಲ್ಲಿ ಸಗಣಿ ಮೆತ್ತಿದ್ದರು. ಕಿರಾಣಿ ಅಂಗಡಿಯ ಸಾವಕಾರರು ತಮ್ಮ ಹೊಂಗೆ ಗಿಡಕ್ಕೆ ಹಳೆಯ ಫ್ಲೆಕ್ಸ್ ಬ್ಯಾನರು ಸುತ್ತಿ ಸುತಳಿಯಿಂದ ಬಿಗಿದಿದ್ದರು.

"ಇದೇನ್ರಿ ಸಾವಕಾರ್ರ?"

"ಗಿಡಕ್ಕ ಥಂಡಿ ಆಗಬಾರದಂತ್ರಿ."

ಎಪ್ರಿಲ್ ತಿಂಗಳ ಬಿಸಿಲು. ಇಬ್ಬರೂ ಬೆವರು ಒರೆಸಿಕೊಳ್ಳುತ್ತ ಇನ್ನಷ್ಟು ಹೊತ್ತು ಗಿಡದ ಆರೋಗ್ಯದ ಬಗ್ಗೆ ಮಾತಾಡಿದೆವು.

ಚಾಚಾನ ಬೇವು

ಹಾರೂಗೇರಿ ಬಸ್ಸು ನಿಲ್ಲುವಲ್ಲಿ ಒಂದು ಬೇವಿನ ಗಿಡ ಇದೆ. ಅದರ ಕೆಳಗೆ ಚಹಾ ಮಾಡುವವರನ್ನು ಊರೆಲ್ಲ ಚಾಚಾ ಅನ್ನುತ್ತದೆ. ಗಿಡ ರಸ್ತೆಗೆ ತೀರ ಹತ್ತಿರ. ನಂಬರ್ ಬೀಳದಿದ್ದರೆ ಮೊದಲು ಹೋಗುವುದು ಅದೇ. ನೌಕರಿಗೆ ಸೇರಿದಾಗಿನಿಂದ ಅದರ ನೆರಳಿನಲ್ಲೇ ಚಹಾ ಕುಡಿದವನು ನಾನು. ಅದನ್ನು ಉಳಿಸಲೇಬೇಕೆಂದು ಬಣ್ಣದ ಡಬ್ಬಿ ತೆರೆದೆ. ಚಾಚಾ ಮಾತ್ರ ಗಿಡಕ್ಕೆ ಬೆನ್ನು ಹಚ್ಚಿ ನಿಂತುಬಿಟ್ಟರು.

"ಹಿಂದಕ ರಸ್ತೆ ಮಾಡಿದಾಗ ನಂಬರ ಹಾಕಿದ ಗಿಡಾನ ಮೊದಲ ಕಡದ್ರಿ."

"ಅದು ಕಡಿಯೂ ನಂಬರ್ರಿ ಚಾಚಾ. ಇದು ಉಳಸೂ ನಂಬರ."

"ಕೊಡ್ಲಿ ಹಿಡಕೊಂಡ ಬಂದಾವಗ ಅದ ಹೆಂಗ ಗೊತ್ತಾಗಬೇಕ್ರಿ?"

ನಾನು ರಿಜಿಸ್ಟರ್ ತಿರುವಿ ಹುಡುಕಿದೆ. ಅಂಥ ಗುರುತನ್ನು ನಮ್ಮ ಆಫೀಸಿನವರು ಇಟ್ಟಿರಲಿಲ್ಲ. ಕಡೆಗೆ ಚಾಚಾನೇ ದಾರಿ ತೋರಿಸಿದರು.

"ನಿಮ್ಮ ಮನಿ ಮುಂದ ಬಾದಾಮಿ ಗಿಡಾ ಐತಲ್ಲ, ಮೊದಲ ಅದಕ್ಕ ಬರೀರಿ. ನಾಳೆ ಬಂದ ನೋಡತೇನಿ. ನಿಮ್ಮ ಗಿಡದ ಮ್ಯಾಲ ನಂಬರ ಇದ್ರ, ನನ್ನ ಗಿಡಕ್ಕೂ ಬರೀರಿ."

ನ್ಯಾಯವಾದ ಮಾತು. ಸಂಜೆ ಮನೆಗೆ ಹೋದವನೇ ಗೇಣುದ್ದದ ಅಂಕಿ ಬರೆದು, ಬಣ್ಣ ಒಣಗಿತೇ ಎಂದು ಬೆರಳಿಟ್ಟು ನೋಡಿ, ನೆಮ್ಮದಿಯಿಂದ ಊಟ ಮಾಡಿದೆ.

ಬೆಳಿಗ್ಗೆ ಚಾಚಾ ಸಾಕ್ಷಿಗೆ ಇಬ್ಬರು ಗಿರಾಕಿಗಳನ್ನು ಕರೆದುಕೊಂಡು ಬಂದರು. ನಾನು ಎದೆ ಸೆಟೆಸಿ ಬಾಗಿಲಿಗೆ ಬಂದೆ. ಗಿಡದ ಮೇಲೆ ಒಂದು ಅಂಕಿಯೂ ಇರಲಿಲ್ಲ. ಬುಡದಲ್ಲಿ ನನ್ನ ಹೆಂಡತಿ ಕಳೆ ಕೀಳುವ ಕುರ್ಪಿ ಹಿಡಿದು ಕೂತಿದ್ದಳು, ಸುತ್ತ ಬಣ್ಣದ ತೊಗಟೆಯ ಚೂರುಗಳು.

"ಏನ ಮಾಡಿದಿ? ಅದನ್ನ ಬರದಾಂವ ನಾನ!"

"ಗೊತ್ತೈತ್ರಿ. ನಿಮ್ಮ ಅಕ್ಷರ ಅಂತ ಗುರ್ತ ಹಿಡದ ಮ್ಯಾಲೆನ ಕೆರದೇನಿ."

ಚಾಚಾ ನನ್ನ ಮುಖ ನೋಡಲಿಲ್ಲ. ಅವಳ ಮುಂದೆ ಕೈ ಚಾಚಿದರು.

"ಅಕ್ಕಾರ, ನಿಮ್ಮ ಕೆಲಸಾ ಮುಗಿದಿದ್ರ ಆ ಕುರ್ಪಿ ನನಗ ಕೊಡ್ರಿ. ಸಾಹೇಬ್ರು ಇನ್ನ ನನ್ನ ಬೇವಿನ ಕಡೆ ಹೊಂಟಾರ."