ತಂಗಿಯ ಗ್ರಾಫಿಗೆ ಚಿನ್ನದ ಅಂಚು

ಗ್ರಾಫ್ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೇಲೆ ಹೋದರೆ ಲಾಭ, ಕೆಳಗೆ ಬಂದರೆ ನಷ್ಟ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವಿನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಇದಕ್ಕಿಂತ ಹೆಚ್ಚು ತಿಳಿದಿರಬೇಕಾದ ಅಗತ್ಯವೂ ಇರಲಿಲ್ಲ. ತಂಗಿ ವಿದ್ಯಾ ಎಂ.ಇ. ಓದಲು ಹೋಗದಿದ್ದರೆ ಇಷ್ಟೇ ಜ್ಞಾನದಲ್ಲಿ ಸುಖವಾಗಿ ಮುದುಕನಾಗುತ್ತಿದ್ದೆ.

ನೆರೂಳದ ಕಾಲೇಜಿನಲ್ಲಿ ಅವಳದು ನೆಟ್‌ವರ್ಕ್ ಬಗ್ಗೆ ಸಂಶೋಧನೆ. ನಿಜವಾದ ನೆಟ್‌ವರ್ಕ್ ಅಲ್ಲ. ಕಂಪ್ಯೂಟರಿನೊಳಗೇ ಒಂದು ಸುಳ್ಳು ನೆಟ್‌ವರ್ಕ್ ಕಟ್ಟಿ, ಅದರಲ್ಲಿ ಪ್ಯಾಕೆಟ್ ಎನ್ನುವ ಸುಳ್ಳು ಮಾಹಿತಿ ತುಣುಕು ಕಳಿಸಿ, ಅವು ಹೇಗೆ ತಲುಪುತ್ತವೆ ಎಂದು ನೋಡುವುದು. ಸಿಮ್ಯುಲೇಶನ್ ಅಂತೆ. ಕೊನೆಗೆ ಕೈಗೆ ಸಿಗುವುದು ಅಂಕಿಗಳ ರಾಶಿ. ಅವನ್ನು ಚಿತ್ರ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಹುಡುಕಿ ಹುಡುಕಿ, ಒಂದು ದಿನ ಊಟದ ನಡುವೆ ಹೇಳಿದಳು, "ಅಣ್ಣ, ಗ್ನೂಪ್ಲಾಟ್ ತಗೊಂಡೆ."

"ನ್ಯೂ ಪ್ಲಾಟಾ? ನನಗೊಂದು ಮಾತು ಹೇಳದೆ? ಖಾರಘರದಲ್ಲಾ? ಎಲ್ಲರೂ ಅಲ್ಲೇ ಬಿಲ್ಡಿಂಗ್ ಎಬ್ಬಿಸ್ತಿದ್ದಾರೆ."

"ಸಾಫ್ಟ್‌ವೇರ್ ಅಣ್ಣ. ಪುಕ್ಕಟೆ."

ಅಲ್ಲಿಗೆ ನನಗೆ ಅದರ ಮೇಲಿನ ಗೌರವ ಹೋಯಿತು. ನಮ್ಮ ಹೋಟೆಲಿನಲ್ಲಿ ಪುಕ್ಕಟೆ ಸಿಗುವುದು ನೀರು ಮತ್ತು ಸೋಂಪು.

ಥೀಸಿಸ್ ಒಪ್ಪಿಸುವ ಹಿಂದಿನ ದಿನ ಅವಳಿಗೆ ಜ್ವರ. ಪೆನ್‌ಡ್ರೈವ್ ನನ್ನ ಕೈಗಿಟ್ಟಳು. "ಚಿತ್ರಗಳನ್ನು ಪ್ರಿಂಟ್ ಹಾಕಿಸಿ ತಾ. ಇದ್ದ ಹಾಗೇ, ಆಯ್ತಾ? ನಾಳೆ ಗೈಡ್ ಸರ್ ಸಹಿ ಹಾಕದಿದ್ದರೆ ಇನ್ನೊಂದು ಟರ್ಮ್ ಕಾಯಬೇಕು."

ಹೋದದ್ದು ನಮ್ಮ ಮೆನು ಕಾರ್ಡ್ ಮಾಡಿಕೊಡುವ ಸಿದ್ರಾಮನ ಅಂಗಡಿಗೆ. ಕಲಬುರಗಿಯವನು. ಚಿತ್ರ ತೆರೆದವನೇ ಮುಖ ಸಿಂಡರಿಸಿದ.

"ಇದೇನ್ರಿ ಅಣ್ಣಾರ, ಇರಿವಿ ಸಾಲು ಹೊಂಟಂಗ ಅದ."

"ಇದು ಗ್ನೂಪ್ಲಾಟ್," ಎಂದೆ, ತಿಳಿದವನಂತೆ.

"ಪ್ಲಾಟ್ ಖಾಲಿ ಬಿದ್ದದ ನೋಡ್ರಿ. ಬಿಲ್ಡಿಂಗ್ ಎಬ್ಬಿಸೋಣೇನು?"

ಪೆನ್‌ಡ್ರೈವಿನಲ್ಲಿದ್ದ ಅಂಕಿಗಳನ್ನು ತನ್ನ ಸಾಫ್ಟ್‌ವೇರಿಗೆ ಸುರಿದ. ಕೆಂಪು, ಹಸಿರು ಗೋಪುರಗಳು ನೆರಳು ಸಮೇತ ಎದ್ದು ನಿಂತವು. ಸಾಕ್ಷಾತ್ ಖಾರಘರ! ಕೆಂಪಿನ ಪಕ್ಕ 'ಹಳೆಯ ವಿಧಾನ' ಎಂದೂ ಹಸಿರಿನ ಪಕ್ಕ 'ಹೊಸ ವಿಧಾನ' ಎಂದೂ ಇಂಗ್ಲಿಷಿನಲ್ಲಿ ಬರೆದಿದೆ ಎಂದು ಅವನೇ ಓದಿ ಹೇಳಿದ. ಹೊಸದು ವಿದ್ಯಾಳದು. ಎಲ್ಲ ಚಿತ್ರದಲ್ಲೂ ತಂಗಿಯದೇ ಗಿಡ್ಡ.

"ಇಷ್ಟು ಓದಿ ನಷ್ಟ ಮಾಡಿಕೊಂಡಳಲ್ಲ, ಸಿದ್ರಾಮ."

"ಹೆಸರು ಅದ್ಲಾಬದ್ಲಿ ಮಾಡೋಣೇನ್ರಿ?"

ಒಂದು ಫೋನ್ ಮಾಡಬಹುದಿತ್ತು. ಆದರೆ ಕೇಳಿದರೆ ನನಗೆ ಏನೂ ಗೊತ್ತಿಲ್ಲವೆಂದು ಅವಳಿಗೆ ಗೊತ್ತಾಗುತ್ತದೆ. ಅದು ಅವಳಿಗೆ ಬುದ್ಧಿ ಬಂದಾಗಿನಿಂದಲೇ ಗೊತ್ತು ಎಂಬುದು ಆಗ ಹೊಳೆಯಲಿಲ್ಲ. "ಮಾಡು" ಎಂದೆ. ಮೆನು ಕಾರ್ಡಿನ ಚಿನ್ನದ ಅಂಚನ್ನೂ ಸುತ್ತ ಹಾಕಿಸಿದೆ. ಚಿತ್ರಗಳನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ ಮನೆಗೆ ತಂದೆ.

"ಇದ್ದ ಹಾಗೇ ತಾನೇ?" ಎಂದಳು ಕಂಬಳಿಯೊಳಗಿಂದ.

"ಇದ್ದ ಹಾಗೇ," ಎಂದೆ.

ಮರುದಿನ ಅವಳಿಗೆ ಇನ್ನೂ ನಿತ್ರಾಣ, ಹಾಗಾಗಿ ಜೊತೆಗೆ ನಾನೂ ಹೋದೆ. ನಿಜ ಹೇಳಬೇಕೆಂದರೆ, ಸರ್ ಬೆರಗಾಗುವುದನ್ನು ನೋಡಲು ಹೋದೆ. ಅವಳು ಲಕೋಟೆಯನ್ನು ಒಡೆಯದೆ ಹಾಗೇ ಅವರ ಕೈಗಿತ್ತಳು. ಅವರು ನಿಜಕ್ಕೂ ಬೆರಗಾದರು. ಸರ್ ಮರಾಠಿಯವರು, ಹಿಂದಿಯಲ್ಲಿ ಕೇಳಿದ್ದರ ಸಾರಾಂಶ ಇಷ್ಟು:

"ನಿಮ್ಮ ಹೊಸ ವಿಧಾನದಲ್ಲಿ ಪ್ಯಾಕೆಟ್ ತಲುಪುವುದು ಇನ್ನೂ ತಡ ಎಂದು ತೋರಿಸಿದ್ದೀರಿ. ಕೆಳಗೆ 'ಪಾರ್ಸೆಲ್ ಸೌಲಭ್ಯವಿದೆ' ಎಂದೂ ಬರೆದಿದ್ದೀರಿ. ಇಷ್ಟು ತಡವಾದರೆ ಪಾರ್ಸೆಲ್ ಯಾರು ತಗೊಳ್ತಾರೆ?"

ಚಿನ್ನದ ಅಂಚಿನ ಜೊತೆಗೆ ಮೆನು ಕಾರ್ಡಿನ ಕೊನೆಯ ಸಾಲೂ ಬಂದುಬಿಟ್ಟಿತ್ತು!

ವಿದ್ಯಾ ನನ್ನ ಕಡೆ ತಿರುಗಿದಳು. "ತಪ್ಪು ನನ್ನದು ಸರ್," ಎಂದೆ. "ಅವಳದು ಗಿಡ್ಡ ಇತ್ತು. ನೋಡಲಾಗದೆ ಹೆಸರು ಬದಲಿಸಿದೆ."

ಸರ್ ಚಿತ್ರಗಳನ್ನು ನನ್ನ ಕಡೆ ಸರಿಸಿದರು. "ನಾನು ಊಟ ಮುಗಿಸಿ ಬರುವಷ್ಟರಲ್ಲಿ ಸರಿಯಾದದ್ದು ಮೇಜಿನ ಮೇಲಿರಲಿ," ಎಂದು ಡಬ್ಬಿ ಎತ್ತಿಕೊಂಡು ಹೋದರು.

ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಕ್ಯೂನಲ್ಲಿ ಪೆನ್‌ಡ್ರೈವ್ ಹಿಡಿದು ನಿಂತಾಗ ವಿದ್ಯಾ ಬಾಯಿ ಬಿಟ್ಟಳು. "ಎಂತ ಮಾಡಿದ್ದು ಅಣ್ಣ ನೀನು? ನಿನ್ನ ಹೋಟೆಲಲ್ಲಿ ದೋಸೆ ಬರಲಿಕ್ಕೆ ಎಷ್ಟು ಹೊತ್ತಾಗ್ತದೆ ಅಂತ ಗ್ರಾಫ್ ಹಾಕಿದರೆ, ಗೆರೆ ಮೇಲೆ ಹೋಗಬೇಕಾ, ಕೆಳಗೆ ಬರಬೇಕಾ?"

"ಗೆರೆ ಮೇಲೆ ಹೋದರೆ ಗಿರಾಕಿ ಹೊರಗೆ ಹೋಗ್ತಾನೆ."

"ಮತ್ತೆ? ಗೊತ್ತುಂಟಲ್ಲ ನಿನಗೆ!"

ಗೊತ್ತಿತ್ತು. ದೋಸೆಯಲ್ಲಿ ಹೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಪುಕ್ಕಟೆ ಸಾಫ್ಟ್‌ವೇರಿನ ಇರುವೆ ಸಾಲುಗಳು ಕಪ್ಪುಬಿಳುಪಿನಲ್ಲೂ ಸ್ಪಷ್ಟವಾಗಿ ಹೊರಬಂದವು. ಒಂದು ಚುಕ್ಕೆ ಚುಕ್ಕೆ, ಒಂದು ತುಂಡು ತುಂಡು. ತಂಗಿಯ ಗೆರೆ ಹಳೆಯದಕ್ಕಿಂತ ಎಷ್ಟೋ ಕೆಳಗೆ, ಯಾರ ಗೊಡವೆಯೂ ಇಲ್ಲದೆ ಸಾಗಿತ್ತು. ಅಷ್ಟು ಕೆಳಗಿರುವುದನ್ನು ನೋಡಿ ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಸರ್ ಸಹಿ ಹಾಕಿದರು.

ಚಿನ್ನದ ಅಂಚಿನ ಚಿತ್ರಗಳನ್ನು ಬಿಸಾಡಲು ಮನಸ್ಸಾಗಲಿಲ್ಲ. ಒಂದಕ್ಕೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದೆ. ಎತ್ತರದ ಗೋಪುರಗಳು, ನೋಡಿದವರು ಹೋಟೆಲಿನ ಏಳಿಗೆ ಎಂದುಕೊಳ್ಳಲಿ ಎಂದು. ಮೊನ್ನೆ ದೋಸೆಗೆ ಕಾದು ಬೇಸತ್ತ ಗಿರಾಕಿಯೊಬ್ಬ ಎದ್ದು ಬಂದು, ಅದರ ಮೇಲಿನ ಇಂಗ್ಲಿಷನ್ನು ಅಕ್ಷರ ಬಿಡದೆ ಓದಿದ.

"ತಲುಪಲು ಆಗುವ ತಡ. ಹಳೆಯ ವಿಧಾನ, ಹೊಸ ವಿಧಾನ. ಹೊಸದರಲ್ಲಿ ತಡ ಜಾಸ್ತಿ," ಎಂದು ನನ್ನ ಕಡೆ ತಿರುಗಿದ. "ಶೆಟ್ರೇ, ಗೋಡೆಗೆ ಹಾಕಿ ಒಪ್ಪಿಕೊಂಡ ಹೋಟೆಲ್ ನಾನು ನೋಡಿದ್ದು ಇದೇ ಮೊದಲು."

ಗ್ರಾಫ್ ಓದಲು ಬಲ್ಲ ಗಿರಾಕಿ. ನಾನೇ ಒಳಗೆ ಹೋಗಿ ಅವನ ದೋಸೆ ತಂದುಕೊಟ್ಟೆ.