ಅಮ್ಮನ ಹುಂಜವೂ ಫಕೀರನ ಹಾಡೂ

ಆ ಹಾಡನ್ನು ಸಿನಿಮಾಕ್ಕೆ ಸೇರಿಸಿದವರ ಮೇಲೆ ಒಂದು ಕೇಸು ಜಡಿಯಬೇಕು ಎಂದು ಮತ್ತಿಗಿರಿಯ ಹನುಮಂತರಾಯಪ್ಪನವರು ತೀರ್ಮಾನಿಸಿ ಹತ್ತು ದಿನವಾಗಿತ್ತು. ಇಡೀ ದೇಶವೇ ಆ ಹಾಡಿಗೆ ಕುಣಿಯುತ್ತಿತ್ತು. ಜೂಜುವಾಡಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳಿಂದ ಹಿಡಿದು ಮತ್ತಿಗಿರಿಯ ಇಸ್ತ್ರಿ ಅಂಗಡಿಯವರೆಗೆ ಎಲ್ಲಿ ಹೋದರೂ ಅದೇ. ಮೊದಲು ಯಾರೋ ಒಬ್ಬ ಆಕಾಶಕ್ಕೆ ಮುಖ ಮಾಡಿ ಉದ್ದಕ್ಕೆ ಕೂಗುತ್ತಾನೆ, ಆಮೇಲೆ ಚಪ್ಪಾಳೆ, ಆಮೇಲೆ ಡೋಲು. ಡೋಲು ಶುರುವಾದ ಕೂಡಲೇ ಊರಿಗೆಲ್ಲ ಕುಣಿಯುವ ಹುಮ್ಮಸ್ಸು ಬಂದರೆ, ಹನುಮಂತರಾಯಪ್ಪನವರಿಗೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು.

ಕಾರಣ ಒಂದು ಹುಂಜ. (ಅದು ಈಗ ಬದುಕಿಲ್ಲ. ತೊಂದರೆ ಇರುವುದೇ ಅಲ್ಲಿ.)

ಮಗಳು ಮೇಘಶ್ರೀಗೆ ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹನುಮಂತರಾಯಪ್ಪನವರ ಹೆಂಡತಿ ರಮಾದೇವಿ ತಳಿ ಎಂಬ ಊರಿನ ಕಡೆಯ ತನ್ನ ತವರಿನ ಗ್ರಾಮದೇವತೆ ಅಮ್ಮನಿಗೆ ಕೆಂಪು ಹುಂಜದ ಹರಕೆ ಹೊತ್ತಳು. ಅವಳ ತಾಯಿ ಕೊಂಡಮ್ಮ ತನ್ನ ಕೋಳಿಗೂಡಿನಿಂದಲೇ ಒಂದು ಮರಿ ಆರಿಸಿ, ಅದರ ಕಾಲಿಗೆ ಅರಿಶಿನದ ದಾರ ಕಟ್ಟಿ ಕಳಿಸಿದಳು. ಮತ್ತಿಗಿರಿಯ ತಾರಸಿಯ ಮೇಲೆ ಅದು ರಾಗಿ ತಿಂದು ರಾಜಗಾಂಭೀರ್ಯದಿಂದ ಬೆಳೆಯಿತು. ಅತ್ತ ಮೇಘಶ್ರೀಯೂ ಬಸುರಿಯಾದಳು. ವಾಂತಿಯಿಂದ ಬಳಲುತ್ತಿದ್ದ ಮಗಳನ್ನು ನೋಡಿಕೊಳ್ಳಲು ರಮಾದೇವಿ ನಾಲ್ಕು ದಿನ ಕೃಷ್ಣಗಿರಿಗೆ ಹೋದಳು. ಆ ಭಾನುವಾರ ಫ್ಯಾಕ್ಟರಿಯ ಗೆಳೆಯ ಮುರುಗೇಶ್ ತಾರಸಿ ಹತ್ತಿದ.

"ಅಣ್ಣಾ, ಇದು ಕೋಳಿ ಅಲ್ಲ, ಕುದ್ರೆ! ಇದ್ನ ಸುಮ್ನೆ ಮಡೀಕಂಡು ಏನ್ ಮಾಡ್ತಿದೀಯ?"

"ಮುಟ್ಬ್ಯಾಡ ಕಣ್ಲಾ. ಅಮ್ಮಂಗೆ ಬಿಟ್ಟಿರೋದು."

"ಅಮ್ಮ ಏನು ಇದೇ ಬೇಕು ಅಂದ್ಲಾ? ಇಂಥದ್ದೇ ಇನ್ನೊಂದು ತಂದು ಕಟ್ಟಿದ್ರಾಯ್ತಪ್ಪ. ರೊಂಬ ಸಿಂಪಲ್!"

ಹನುಮಂತರಾಯಪ್ಪನವರು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದವರು. ಒಂದು ಸ್ಯಾಂಪಲ್ ಪಕ್ಕದಲ್ಲಿಟ್ಟುಕೊಂಡು ಅದರಂತೆಯೇ ಇನ್ನೊಂದಿದೆಯೇ ಎಂದು ನೋಡುವುದೇ ಅವರ ಜೀವಮಾನದ ಕಸುಬು. ಕುಯ್ಯುವ ಮುಂಚೆ ಹುಂಜದ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದರು. ಸಾರು ಉಂಡು ಕೈತೊಳೆದ ಮಾರನೇ ದಿನ ಅರ್ಧ ದಿನ ರಜೆ ಹಾಕಿ, ತಳಿ ಕಡೆಯ ಹಳ್ಳಿಗಳನ್ನು ಸುತ್ತಿ, ಜುಟ್ಟು, ಪುಕ್ಕ, ಕಾಲಿನ ಬಣ್ಣ ಎಲ್ಲ ತಾಳೆ ನೋಡಿ ಒಂದು ಹುಂಜವನ್ನು ಪಾಸು ಮಾಡಿ ತಂದರು. ಹಳೆಯ ದಾರವನ್ನೇ ಅದರ ಕಾಲಿಗೆ ಕಟ್ಟಿದರು. ಊರಿಂದ ಬಂದ ರಮಾದೇವಿ ಕೇಳಿದ್ದು ಒಂದೇ ಮಾತು.

"ಯಾಕ್ರೀ, ಇದು ನನ್ನ ಕಂಡ್ರೆ ಓಡೋಯ್ತದೆ?"

"ನಾಕು ದಿನ ಬಿಟ್ಟೋಗಿದ್ಯಲ್ಲ, ಮುನಿಸ್ಕೊಂಡೈತೆ."

ಐದನೇ ತಿಂಗಳಲ್ಲಿ ಬದಲಿ ಹುಂಜ ಸಕಲ ಮರ್ಯಾದೆಗಳೊಂದಿಗೆ ಅಮ್ಮನಿಗೆ ಅರ್ಪಿತವಾಯಿತು. ಅವತ್ತು ತಮಟೆಯವರು ಬೇರೆ ಊರಿಗೆ ಹೋಗಿದ್ದರಿಂದ ಪೂಜೆ ಸದ್ದಿಲ್ಲದೆ ಮುಗಿಯಿತು. ಬದುಕಿದೆಯಾ ಬಡಜೀವವೇ ಎಂದು ಹನುಮಂತರಾಯಪ್ಪನವರು ನಿಟ್ಟುಸಿರು ಬಿಟ್ಟರು. ಏಕೆಂದರೆ ತಮಟೆ ಬಡಿದರೆ ಅಮ್ಮ ಬರುವುದು ಅತ್ತೆ ಕೊಂಡಮ್ಮನ ಮೈಮೇಲೆ, ಬಂದ ಅಮ್ಮನಿಗೆ ದಾಕ್ಷಿಣ್ಯ ಅನ್ನುವುದೇ ಇಲ್ಲ. ಹಿಂದೊಮ್ಮೆ ಅಲ್ಲಿನ ಪಾಪಣ್ಣ ಹೊಲದ ಗಡಿಕಲ್ಲು ಸರಿಸಿದ್ದನ್ನು ಊರೆಲ್ಲ ಕೂಡಿದ್ದಾಗ ಹೆಸರು ಹಿಡಿದು ಹೇಳಿಬಿಟ್ಟಿದ್ದಳು. ಪಾಪಣ್ಣ ಅದೇ ಸಂಜೆ ಕಲ್ಲನ್ನು ಹಿಂದಕ್ಕೆ ನೆಟ್ಟಿದ್ದ, ಭಯಕ್ಕೆ ಒಂದು ಮೊಳ ಜಾಸ್ತಿಯೇ ಹಿಂದಕ್ಕೆ.

ಈಗ ಏಳನೇ ತಿಂಗಳ ಸೀಮಂತ ಮತ್ತಿಗಿರಿಯ ಮನೆಯಲ್ಲೇ ಎಂದಾಯಿತು. ಮೇಘಶ್ರೀ ಬಂದಳು, ಅವಳ ಹಿಂದೆಯೇ ಕೊಂಡಮ್ಮನೂ ಹತ್ತು ದಿನ ಮುಂಚಿತವಾಗಿ ಬಂದಿಳಿದಳು. ಬಂದ ಮರುದಿನ ಸಂಜೆ ಹನುಮಂತರಾಯಪ್ಪನವರು ಫ್ಯಾಕ್ಟರಿಯಿಂದ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದರು. ಟಿವಿಯಲ್ಲಿ ಆ ಹಾಡು. ಅದರ ಮುಂದೆ ಕೊಂಡಮ್ಮ ಒಬ್ಬಳೇ ನಿಂತಿದ್ದಾಳೆ. ಕಣ್ಣು ಮುಚ್ಚಿದೆ, ಕತ್ತು ಅತ್ತಿತ್ತ ತೂಗುತ್ತಿದೆ, ಎರಡೂ ಕೈ ನಿಧಾನವಾಗಿ ಮೇಲೇಳುತ್ತಿವೆ!

ಹನುಮಂತರಾಯಪ್ಪನವರು ಒಂದೇ ನೆಗೆತಕ್ಕೆ ಟಿವಿಯ ಪ್ಲಗ್ಗು ಕಿತ್ತರು. ಕೊಂಡಮ್ಮ ಕಣ್ಣು ಬಿಟ್ಟು ಕೆಕ್ಕರಿಸಿ ನೋಡಿದಳು.

"ಯಾಕಳಿಯಂದ್ರೇ, ನಿಲ್ಸ್ಬುಟ್ರಿ?"

ದನಿ ಗೊಗ್ಗರಾಗಿತ್ತು. (ಬಸ್ಸಿನ ಗಾಳಿಗೆ ಮುದುಕಿಗೆ ನೆಗಡಿಯಾಗಿತ್ತು ಎಂಬುದು ಅವರಿಗೆ ಹೊಳೆಯಲಿಲ್ಲ. ತಪ್ಪು ಮಾಡಿದವನಿಗೆ ಇಂಥ ಸಣ್ಣಪುಟ್ಟ ವಿಷಯ ಹೊಳೆಯುವುದಿಲ್ಲ.)

ಮಾರನೇ ದಿನ ಜೂಜುವಾಡಿಯಲ್ಲಿ ಸ್ಕೂಟರಿಗೆ ಪಂಕ್ಚರ್ ಹಾಕಿಸುವಾಗ ಅಂಗಡಿಯ ಅಮೀರ್‌ಜಾನ್ ಸಾಬರ ಫೋನಿನಲ್ಲೂ ಅದೇ ಹಾಡು ಬಂತು.

"ಸಾಬ್ರೇ, ಇದೇನು ಸಿನಿಮಾ ಹಾಡೋ, ಇಲ್ಲಾ ಇನ್ನೇನಾದ್ರೂ ಐತೋ?"

"ಸಿನಿಮಾದೋರು ಮೊನ್ನೆ ಹಾಕ್ಕೊಂಡ್ರು ಸಾರ್. ಇದರ ಬೇರು ಬಲೇ ಹಳೇದು. ಫಕೀರ್ರು ದರ್ಗಾದಲ್ಲಿ ದೇವರನ್ನ ಕರೆಯೋ ಹಾಡು. ಮನಸಿಟ್ಟು ಕೇಳಿದ್ರೆ ಮೈಮ್ಯಾಲೆ ಗ್ಯಾನವೇ ಇರಲ್ಲ, ಎದ್ದು ತಿರುಗ್ತಾ ನಿಂತ್ಬಿಡ್ತಾರೆ. ನಮ್ಮಜ್ಜ ಹಂಗೇ ನಿಲ್ತಿದ್ರು."

"ಕರೆದ್ರೆ... ಬರ್ತಾನಾ ದೇವ್ರು?"

"ಕರೆಯೋನ ಮನಸ್ಸು ಚೊಕ್ಕ ಇದ್ರೆ ಬರ್ದೆ ಎಲ್ಲೋಗ್ತಾನೆ ಸಾರ್?" ಎಂದು ಸಾಬರು ಟ್ಯೂಬನ್ನು ನೀರಿನಲ್ಲಿ ಅದ್ದಿದರು.

ಹನುಮಂತರಾಯಪ್ಪನವರು ಆ ಫೋನಿನಿಂದ ಎರಡು ಹೆಜ್ಜೆ ದೂರ ಸರಿದು ನಿಂತರು. ಫಕೀರರ ಡೋಲಾದರೇನು, ತಳಿಯ ತಮಟೆಯಾದರೇನು, ಕರೆದವರು ಯಾರೇ ಆಗಲಿ, ಬಾಗಿಲ ಹತ್ತಿರ ನಿಂತಿರುವುದು ಅವರ ಮನೆಯ ಅಮ್ಮ. ಹೆಂಡತಿಯ ಕೈಗೆ ಸಿಕ್ಕಿಬೀಳುವ ಭಯ ಒಂದು ಕಡೆಗಿರಲಿ. ಹರಕೆಯ ಹುಂಜ ತನ್ನ ಹೊಟ್ಟೆ ಸೇರಿತು, ಮಗಳ ಹೊಟ್ಟೆಯಲ್ಲಿರುವುದಕ್ಕೆ ಏನಾದರೂ ಆದರೆ? ಆ ಯೋಚನೆ ಬಂದ ದಿನದಿಂದ ಅವರಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಗಳು ಉಸ್ಸಪ್ಪಾ ಎಂದು ಕುಳಿತರೂ ಅವರ ಎದೆ ಧಸಕ್ಕೆನ್ನುತ್ತಿತ್ತು.

ಅಂದಿನಿಂದ ಹಾಡಿನ ವಿರುದ್ಧ ಮಹಾಸಮರ ಶುರುವಾಯಿತು. ರಿಮೋಟಿನ ಸೆಲ್ಲು ಮಾಯವಾದವು. ಮಗಳ ಫೋನಿನ ರಿಂಗ್‌ಟೋನ್ ಅವಳಿಗೇ ತಿಳಿಯದಂತೆ ಸುಪ್ರಭಾತವಾಯಿತು. ಬೀದಿಯಲ್ಲಿ ಆಟೋ ಆ ಹಾಡು ಹಾಕಿಕೊಂಡು ಬಂದರೆ ಹನುಮಂತರಾಯಪ್ಪನವರು ಅಡುಗೆಮನೆಗೆ ಓಡಿ ಖಾಲಿ ಮಿಕ್ಸಿಯನ್ನು ಗುರ್ರೆನ್ನಿಸುತ್ತಿದ್ದರು.

"ಏನ್ರೀ ರುಬ್ತಿದೀರಾ, ಗಾಳೀನಾ?" ಎಂದು ರಮಾದೇವಿ ರೇಗಿದಳು.

"ಮಿಕ್ಸಿ ಸರ್ಯಾಗೈತಾ ಅಂತ ಟೆಸ್ಟಿಂಗು. ಸೀಮಂತಕ್ಕೆ ಕೈ ಕೊಟ್ರೆ?"

"ಮಿಕ್ಸಿ ಸರ್ಯಾಗೇ ಐತೆ. ನಿಮ್ಮನ್ನೇ ಯಾರಿಗಾದ್ರೂ ತೋರಿಸ್ಬೇಕು."

ಕೊಂಡಮ್ಮ ಮಾತ್ರ ಅಳಿಯನನ್ನು ಅನುಮಾನದಿಂದ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತು ಅವಳೂ ಮೇಘಶ್ರೀಯೂ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ರಜೆಯ ದಿನ ಹನುಮಂತರಾಯಪ್ಪನವರು ಹೊರಗಿನಿಂದ ಕಿವಿಗೊಟ್ಟರೆ ಒಳಗೆ ಕಾಲು ಬಡಿಯುವ ಸದ್ದು ಕೇಳಿಸುತ್ತಿತ್ತು. ಬಾಗಿಲು ಬಡಿಯಲು ಅವರಿಗೆ ಧೈರ್ಯ ಬರಲಿಲ್ಲ.

ಸೀಮಂತದ ದಿನ ಬಂತು. ನಡುಮನೆಯ ತುಂಬ ಹೆಂಗಸರು. ಮೇಘಶ್ರೀ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಆರತಿಯಾಯಿತು, ಸೋಬಾನೆಯಾಯಿತು. ಮನೆಯಲ್ಲಿದ್ದ ಸ್ಪೀಕರನ್ನು ಹನುಮಂತರಾಯಪ್ಪನವರು ಬೆಳಿಗ್ಗೆಯೇ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದರು. ಇನ್ನೇನು ಊಟಕ್ಕೆ ಎಲೆ ಹಾಕಿದರೆ ಗಂಡಾಂತರ ಕಳೆಯಿತು ಎನ್ನುವಷ್ಟರಲ್ಲಿ ಅಳಿಯ ಶಶಿಕುಮಾರ್ ಕಾರಿನಿಂದ ಮೊಣಕಾಲೆತ್ತರದ ಸ್ಪೀಕರೊಂದನ್ನು ಹೊತ್ತು ತಂದು ನಡುಮನೆಯಲ್ಲಿ ಇಟ್ಟ.

"ಬ್ಯಾಡ ಕಣಪ್ಪಾ..." ಅನ್ನುವಷ್ಟರಲ್ಲಿ ಆಕಾಶಕ್ಕೆ ಮುಖ ಮಾಡಿದ ಆ ಪುಣ್ಯಾತ್ಮ ಕೂಗಿಯೇಬಿಟ್ಟ.

ಚಪ್ಪಾಳೆ. ಡೋಲು.

ಗೋಡೆಯ ಪಕ್ಕ ಕುಳಿತಿದ್ದ ಕೊಂಡಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಣ್ಣು ಮುಚ್ಚಿದಳು. ಕತ್ತು ತೂಗಿತು, ಕೈ ಮೇಲೆದ್ದಿತು, ಕಾಲು ನೆಲ ಬಡಿಯಿತು. ಸುತ್ತು ತಿರುಗುತ್ತಾ ತಿರುಗುತ್ತಾ ಬಂದವಳು ನೇರ ಹನುಮಂತರಾಯಪ್ಪನವರ ಎದುರಿಗೆ ನಿಂತು, ತೋರುಬೆರಳನ್ನು ಅವರ ಮೂಗಿಗೆ ಚಾಚಿದಳು.

ಹನುಮಂತರಾಯಪ್ಪನವರು ಉದ್ದಕ್ಕೆ ಅಡ್ಡಬಿದ್ದರು.

"ತಾಯೀ! ತಿಂದೋನು ನಾನು! ನಿನ್ನ ಹುಂಜ ನಾನೂ ಮುರುಗೇಶನೂ ಸಾರು ಮಾಡ್ಕೊಂಡು ತಿಂದ್ಬುಟ್ವಿ! ನಿಂಗೆ ಕುಯ್ದಿದ್ದು ಡೂಪ್ಲಿಕೇಟು! ದಾರ ಮಾತ್ರ ಒರಿಜಿನಲ್ಲು! ನನ್ನೇನಾದ್ರೂ ಮಾಡ್ಕೋ, ಕೈಕಾಲು ಬೇಕಾದ್ರೆ ತಗೋ, ನನ್ನ ಕೂಸಿನ ಕೂಸಿಗೆ ಮಾತ್ರ ಏನೂ ಮಾಡ್ಬ್ಯಾಡ ತಾಯೀ!"

ಅವರು ಹೋ ಎಂದು ಅಳುತ್ತಿದ್ದರು. ಯಾರೋ ಹಾಡು ನಿಲ್ಲಿಸಿದರು.

"ಅಯ್ಯ, ಕಾಲು ಬಿಡ್ರೀ ಅಳಿಯಂದ್ರೇ!" ಎಂದಳು ಕೊಂಡಮ್ಮ ಏದುಸಿರು ಬಿಡುತ್ತಾ. "ನಂಗ್ಯಾವ ಅಮ್ಮನೂ ಬಂದಿಲ್ಲ. ಮೊಮ್ಮಗ್ಳು ಫೋನ್ನಾಗೆ ಹಾಕ್ಬೇಕು, ಕುಣಿಯಜ್ಜಿ ಅಂದ್ಲು. ಹತ್ತು ದಿನದಿಂದ ಕಲ್ತಿವ್ನಿ. ಬೆರಳು ತೋರ್ಸೋದು ಅದ್ರಲ್ಲಿ ಬರೋ ಸ್ಟೆಪ್ಪು!"

ಹನುಮಂತರಾಯಪ್ಪನವರು ಮೆಲ್ಲನೆ ತಲೆ ಎತ್ತಿದರು. ಕುರ್ಚಿಯಲ್ಲಿ ಮೇಘಶ್ರೀ ಬಾಯಿಗೆ ಸೆರಗು ತುರುಕಿಕೊಂಡು ನಗು ತಡೆಯುತ್ತಿದ್ದಳು. ಇನ್ನೊಂದು ಕೈಯಲ್ಲಿದ್ದ ಫೋನು ನೆಟ್ಟಗೆ ಅವರ ಕಡೆಗೇ ತಿರುಗಿತ್ತು.

"ಅಪ್ಪಾ, ಎಲ್ಲಾ ರೆಕಾರ್ಡಾಗಿದೆ. ಅಳಬೇಡ, ನಿನ್ ಮೊಮ್ಮಗು ಚೆನ್ನಾಗೇ ಒದೀತಿದೆ."

ಆ ಮಾತು ಕೇಳಿ ಅವರಿಗೆ ಹತ್ತು ದಿನಗಳಲ್ಲಿ ಮೊದಲ ಬಾರಿಗೆ ಎದೆಯ ಭಾರ ಇಳಿಯಿತು. ಅಮ್ಮ ಬಂದಿಲ್ಲ, ಕೋಪಿಸಿಕೊಂಡಿಲ್ಲ, ಕೂಸು ಕ್ಷೇಮ. ನಗಬೇಕು ಅನ್ನಿಸಿತು. ನಗಲು ಬಾಯಿ ತೆರೆದವರು, ಅಡುಗೆಮನೆಯ ಬಾಗಿಲ ಕಡೆ ನೋಡಿ ಹಾಗೇ ಮುಚ್ಚಿದರು.

ರಮಾದೇವಿ ನಿಂತಿದ್ದಳು. ಕಣ್ಣು ಕೆಂಡ, ಮೂಗಿನ ಹೊಳ್ಳೆ ಅರಳಿದೆ, ತುರುಬು ತಾನಾಗಿ ಬಿಚ್ಚಿಕೊಂಡು ಹೆಗಲ ಮೇಲೆ ಬಿದ್ದಿದೆ. ಕೈಯಲ್ಲಿ ಸಾರಿನ ಸೌಟು. ಹಾಡಿಲ್ಲ, ಡೋಲಿಲ್ಲ, ಆದರೂ ಮೈ ಥರಥರ ನಡುಗುತ್ತಿದೆ. ಎದುರುಮನೆಯ ಆದಿಲಕ್ಷ್ಮಮ್ಮ ಗಡಬಡಿಸಿ ಎದ್ದು, ಕರ್ಪೂರ ಹಚ್ಚಿ, ಅವಳ ಮುಂದೆ ತಟ್ಟೆ ಹಿಡಿದು, "ಏನು ಬೇಕು ಕೇಳು ತಾಯೀ, ಕೊಡ್ತೀವಿ!" ಎಂದು ಕೈಮುಗಿದಳು. ಹೆಂಗಸರೆಲ್ಲ ಕೆನ್ನೆ ಕೆನ್ನೆ ಬಡಿದುಕೊಂಡರು.

ಹನುಮಂತರಾಯಪ್ಪನವರು ಮಾತ್ರ ಅಡ್ಡಬಿದ್ದಲ್ಲಿಂದಲೇ ತೆವಳುತ್ತಾ ಬಾಗಿಲ ಕಡೆ ಹಿಂದೆ ಸರಿದರು. ಬಂದವಳು ಅಮ್ಮನಾಗಿದ್ದರೆ ಒಂದು ನಿಂಬೆಹಣ್ಣು ಕುಯ್ದರೆ ಶಾಂತಳಾಗುತ್ತಿದ್ದಳು. ಇವಳ ಜೊತೆ ಅವರು ಮೂವತ್ತು ವರ್ಷ ಸಂಸಾರ ಮಾಡಿದ್ದರು.