ಕಬ್ಬಿಣದ ಮಂಚದೊಳಗೆ ವೀಳ್ಯದೆಲೆ

ಆ ಸಂಜೆ ಬಳ್ಳಾರಿಯ ನಮ್ಮ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು: ನಾನು, ಹೆಂಡತಿ ಗೌರಮ್ಮ, ಮಗಳು ಪಾರ್ವತಿ, ಎಲೆಗೆ ಸುಣ್ಣ ಸವರುತ್ತಿದ್ದ ಭಾವಮೈದುನ ಚನ್ನಬಸಪ್ಪ. ಇವನದು ಕುರುಗೋಡಿನಲ್ಲಿ ಎಲೆತೋಟ. ನಮ್ಮ ಮನೆಯ ಪ್ರತಿ ಕಾರ್ಯಕ್ಕೂ ಒಂದು ಬುಟ್ಟಿ ಎಲೆ ತರುತ್ತಾನೆ, ಎರಡು ಬುಟ್ಟಿ ಜಂಬವನ್ನೂ ತರುತ್ತಾನೆ.

ಪಾರ್ವತಿಯನ್ನು ಸಿರುಗುಪ್ಪದವರು ಒಪ್ಪಿದ್ದರು. ಮುಂದಿನ ತಿಂಗಳು ವೀಳ್ಯ ಬದಲಾಯಿಸಿದರೆ ಸಂಬಂಧ ಗಟ್ಟಿ.

"ಎಲಿ ಚಿಂತಿ ಬಿಡು ಭಾವಾ," ಎಂದ ಚನ್ನಬಸಪ್ಪ. "ನಿಮ್ಮ ಬಳ್ಳಾರ್ಯಾಗ ಬೆಳಿಯೋದು ಬಿಸಲು ಒಂದ."

"ಈ ಸಲ ಎಲಿ ನನ್ನ ಹಿತ್ತಲದ್ದು. ತಪ್ಪಿದ್ರ ನಿನ್ನ ಬುಟ್ಟಿ ನಾನು ತಲಿ ಮ್ಯಾಲೆ ಹೊರ್ತೀನಿ," ಎಂದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ನನ್ನ ಅಂಗಡಿಯ ಬಟ್ಟೆ ಕೊಡಲು ಕಂಟೋನ್ಮೆಂಟಿಗೆ ಹೋದಾಗ ಒಬ್ಬ ದೊರೆಸಾನಿಯ ಗಾಜಿನ ಮನೆ ನೋಡಿದ್ದೆ. ಹೊರಗೆ ಹುಲ್ಲು ಸುಟ್ಟು ಬೂದಿಯಾಗಿದ್ದರೂ ಅದರೊಳಗೆ ಗಿಡಗಳು ಆಷಾಢದಲ್ಲಿದ್ದಂತೆ ನಗುತ್ತಿದ್ದವು. ಆಕೆಗೆ ಗಾಜು, ನನಗೆ ಪಲ್ಟಣದ ಸಿಪಾಯಿಗಳ ಸಾಮಾನಿನ ಹರಾಜಿನಲ್ಲಿ ಸಿಕ್ಕ ಹಳೆಯ ಕಬ್ಬಿಣದ ಮಂಚ. ಸೊಳ್ಳೆಪರದೆ ಕಟ್ಟಲು ಅದಕ್ಕೆ ನಾಲ್ಕು ಎತ್ತರದ ಕಂಬಗಳಿದ್ದವು. ಅದು ಹಿತ್ತಲಿಗೆ ಬಂದದ್ದನ್ನು ಗೌರಮ್ಮ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಯಾರಿಗ್ರಿ ಇದು?"

"ಎಲಿಬಳ್ಳಿಗೆ."

"ಇದರ ಮ್ಯಾಲೆ ಯಾವ ಸೋಜರ ಸತ್ತಾನೋ ಏನೋ. ಬಳ್ಳಿ ಮಂಚ ಕೇಳ್ತಂತ, ಇವರು ತಂದ್ರಂತ."

ನಂಬಿಕೆಯಿಲ್ಲದ ಜನರ ನಡುವೆ ಸಾಧಕನ ಬಾಳು ಹೀಗೆಯೇ. ಅವಳು ಮಗಳನ್ನು ಕರೆದುಕೊಂಡು ಸೀರೆ, ಒಡವೆಯ ಕೆಲಸಕ್ಕೆ ತಮ್ಮನ ಜೊತೆ ಕುರುಗೋಡಿಗೆ ಹೋದಳು. ಒಳ್ಳೆಯದೇ ಆಯಿತು ಎಂದುಕೊಂಡೆ.

ಕೆಂಚನಗುಡ್ಡದ ಹೊಳೆದಂಡೆಯಿಂದ ಬೆಳೆದ ಬಳ್ಳಿಗಳನ್ನೇ ಬೇರುಸಮೇತ ತರಿಸಿದೆ. ಹುಟ್ಟಿಸುವ ಕಷ್ಟ ಹೊಳೆಯದು, ಸಾಕಿದ ಕೀರ್ತಿ ನನ್ನದು. ಮಂಚದ ಪಟ್ಟಿಗಳನ್ನು ಕಿತ್ತು, ನಡುವೆ ಕುಂಡಗಳನ್ನಿಟ್ಟೆ. ಅಂಗಡಿಯ ಬಿಳಿ ಬಟ್ಟೆಗೆ ಮೇಣ ಸವರಿ ಸುತ್ತಲೂ ಮೇಲೂ ಬಿಗಿದೆ. ಬಡವನ ಗಾಜು! ಹುಳ ಬಾರದಿರಲೆಂದು ನಾಲ್ಕೂ ಕಂಬಕ್ಕೆ ಹಣ್ಣುಕಾಯಿ ಸಮೇತ ಬೇವಿನ ಸೊಪ್ಪು ಕಟ್ಟಿದೆ. ಹೊತ್ತುಹೊತ್ತಿಗೆ ಮೇಲಿನಿಂದ ತಣ್ಣೀರು ಎರೆದೆ.

ಅಂದಿನಿಂದ ಓಣಿಯ ನಡೆ ಬದಲಾಯಿತು. ನಮ್ಮ ಮೋಟು ಗೋಡೆಯಾಚೆ ಜನ ಮೆಲ್ಲಗೆ ನಡೆದರು. ಯಾರ ಮನೆಯಿಂದಲೂ ಒಗ್ಗರಣೆಯ ವಾಸನೆ ಬರಲಿಲ್ಲ. ಬೆಳಿಗ್ಗೆ ಎದ್ದರೆ ಹಿತ್ತಲ ಬಾಗಿಲಲ್ಲಿ ಮೊಸರನ್ನ. ನನಗೆ ಗುಮಾನಿ ಬಂತು. ಯಾರೋ ಅನ್ನವಿಟ್ಟು ನನ್ನನ್ನು ಒಲಿಸಿಕೊಂಡು ಬಳ್ಳಿ ನೋಡುವ ಸಂಚು ಮಾಡಿದ್ದಾರೆ. ಹಿಂದೆ ಚನ್ನಬಸಪ್ಪನ ಕೈ ಇದ್ದೇ ಇದೆ. ಅನ್ನ ತಿಂದೆ, ಬಳ್ಳಿ ತೋರಿಸಲಿಲ್ಲ.

ಪಕ್ಕದ ಮನೆಯ ಖಾಸಿಂ ಸಾಬರು ಗೋಡೆಯಾಚೆಯಿಂದಲೇ ಕೂಗಿದರು: "ಅಣ್ಣಾರ, ಏನರ ಬೇಕಾದ್ರ ಹೇಳ್ರಿ. ನಾವದೀವಿ."

"ಏನೂ ಬ್ಯಾಡ್ರಿ. ಯಾರೂ ಹತ್ತರ ಬರಬ್ಯಾಡ್ರಿ, ಅಷ್ಟ."

ಅವರು ಕಣ್ಣೊರೆಸಿಕೊಂಡು ಒಳಗೆ ಹೋದರು. ಇವರೂ ಕುರುಗೋಡಿನ ಕಡೆಯವರೇ ಎಂದು ನಿರ್ಧರಿಸಿದೆ.

ನಿಶ್ಚಯಕ್ಕೆ ವಾರವಿದ್ದಾಗ ಬಾಗಿಲಲ್ಲಿ ಕಮಾನು ಬಂಡಿ ನಿಂತಿತು. ಇಳಿದವರು ಹುಡುಗನ ಅಜ್ಜಿ. ಸಿರುಗುಪ್ಪದಿಂದ ಬಂದವರು ಹೊಸ್ತಿಲು ದಾಟಲಿಲ್ಲ, ನೀರು ಮುಟ್ಟಲಿಲ್ಲ.

"ಹಿತ್ತಲದಾಗ ಏನೈತಿ, ತೋರಸ್ರಿ," ಎಂದರು.

ಮೈದುನನ ಜಾಲ ಸಿರುಗುಪ್ಪದವರೆಗೆ ಹಬ್ಬಿದೆ! "ನಿಶ್ಚಯದ ದಿನಾನ ನೋಡುವಿರಂತ," ಎಂದೆ ಗಂಭೀರವಾಗಿ.

"ಅಲ್ರಿ, ಮಂಚ ಮುಚ್ಚೀರಿ, ಬೇವು ಕಟ್ಟೀರಿ, ತಣ್ಣೀರು ಹಾಕ್ತೀರಿ, ಹುಡುಗಿ ಕಾಣವಲ್ಲಳು. ಮನಿಗೆ ಅಮ್ಮ ಬಂದಾಳಂತ ಊರಿಗೆ ಗೊತ್ತೈತಿ. ಸಿಡುಬು ಮುಚ್ಚಿಟ್ಟು ಹೆಣ್ಣು ಕೊಡ್ತೀರೇನು? ಈ ಸಂಬಂಧ ಇಲ್ಲಿಗೆ ಮುಗೀತು."

ಒಂದೊಂದೇ ಹೊಳೆಯಿತು. ಕಟ್ಟಿದ ಬೇವು, ಮುಚ್ಚಿದ ಮಂಚ, ನಿಂತ ಒಗ್ಗರಣೆ, ಬಂದ ಮೊಸರನ್ನ. ತಿಂದದ್ದು ದೇವಿಯ ಎಡೆ! ಹೇಳೋಣವೆಂದು ಹೊಸ್ತಿಲು ದಾಟುವಷ್ಟರಲ್ಲಿ ಅಜ್ಜಿ ಬಂಡಿ ಹತ್ತಿಯೇ ಬಿಟ್ಟರು.

ಆ ಬಂಡಿ ತಿರುವಿನಲ್ಲಿ ಎದುರಿನ ಬಂಡಿಗೆ ದಾರಿ ಬಿಡಲು ನಿಂತಿತು. ಎದುರಿನದು ಕುರುಗೋಡಿನದು. ಗೌರಮ್ಮ, ಚನ್ನಬಸಪ್ಪನ ನಡುವೆ ಪಾರ್ವತಿ ಕಬ್ಬು ಸಿಗಿಯುತ್ತಾ ಕೂತಿದ್ದಳು. ಅಜ್ಜಿ ಇಳಿದು ಹೋಗಿ ಅವಳ ಗದ್ದ ಹಿಡಿದು, ಮುಖವನ್ನು ಬಿಸಿಲಿಗೆ ತಿರುಗಿಸಿ, ಆ ಕೆನ್ನೆ ಈ ಕೆನ್ನೆ ನೋಡಿದರು. ಒಂದು ಚುಕ್ಕೆಯೂ ಇರಲಿಲ್ಲ.

"ಹಂಗಾರ ಮಂಚದಾಗ ಯಾರು?" ಎಂದರು.

ಎಲ್ಲರೂ ಹಿತ್ತಲಿಗೆ ನಡೆದರು. ಅಜ್ಜಿಯೇ ಬಟ್ಟೆ ಸರಿಸಿದರು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಬಳ್ಳಾರಿಯ ಬಿಸಿಲಿಗೆ ನನ್ನ ಎಲೆಗಳು ಹದವಾಗಿ ಬೆಂದು ಕುಂಡದ ಮೇಲೆ ಜೋತುಬಿದ್ದಿದ್ದವು.

"ಉಪ್ಪು ಹಾಕೋದು ಒಂದ ಬಾಕಿ," ಎಂದಳು ಗೌರಮ್ಮ.

ಅಜ್ಜಿ ನಕ್ಕು ನೀರು ಕೇಳಿದರು. ನನ್ನ ಜೀವ ಮರಳಿತು. ಚನ್ನಬಸಪ್ಪ ಬೆಂದ ಎಲೆಯೊಂದನ್ನು ಕಿತ್ತು ಅದಕ್ಕೆ ಸುಣ್ಣ ಸವರತೊಡಗಿದ. ಅದೇ ಹೆಚ್ಚು ನೋಯಿಸಿತು. ನಿಶ್ಚಯದ ದಿನ ಅವನ ಬುಟ್ಟಿಯನ್ನು ಓಣಿಯ ತುದಿಯಿಂದ ಹೊತ್ತು ತಂದೆ. ಖಾಸಿಂ ಸಾಬರು ದಾರಿ ಬಿಡಿಸಿದರು.

ಮಂಚ ಅಲ್ಲೇ ಉಳಿಯಿತು. ಮರುವರ್ಷ ಮಳೆ ಬಿದ್ದ ಮೇಲೆ ಅದರ ನಡುವೆ, ಯಾರೂ ನೀರೆರೆಯದೆ, ಒಂದು ಸಸಿ ಎದ್ದಿತು. ಬಸುರಿಯಾಗಿ ತವರಿಗೆ ಬಂದಿದ್ದ ಪಾರ್ವತಿ ಅದನ್ನು ಮೊದಲು ನೋಡಿ ನನ್ನನ್ನು ಕರೆದಳು. ಬೇವಿನ ಸಸಿ.